ಕೇಳಿದ್ದು, ಕೇಳಿಸದ್ದು: ಒಂದು ಗುಗ್ಗೆ ಪ್ರಕರಣ

ಅವರಿಗೆ 71 ವರ್ಷ. ನಿವೃತ್ತ ಶಾಲಾ ಮೇಷ್ಟ್ರು. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಳ್ಳುತ್ತಾರೆ. ಮಗಳ ಜೊತೆ ಒಳಗೆ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. ಮಾತು ಶುರು ಮಾಡಿದ್ದು ಮಗಳು.

“ಡಾಕ್ಟ್ರೇ, ಅಪ್ಪನಿಗೆ ಮರೆವು ಶುರುವಾಗಿದೆ ಅನ್ಸುತ್ತೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರಲ್ಲ. ಏನು ಕೇಳಿದ್ರೂ ಇನ್ನೇನೋ ಉತ್ತರ ಕೊಡ್ತಾರೆ. ಕಿವಿನೂ ಮಂದ ಆಗಿದೆ. ಮೊದಲು ಅದನ್ನ ನೋಡಿಬಿಡಿ, ಆಮೇಲೆ ನರದ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗ್ತೀವಿ.”

ಮೇಷ್ಟ್ರು ನಮ್ಮಿಬ್ಬರ ಮುಖವನ್ನೂ ನೋಡಿ ನಕ್ಕರು. ಮಾತು ಕೇಳಿಸದವರು ನಗುವ ನಗು ಅದು. ಈ ಕೆಲಸದಲ್ಲಿ ನಾಲ್ಕು ವರ್ಷ ಕಳೆದವರಿಗೆ ಅದರ ಗುರುತು ಹತ್ತುತ್ತದೆ.

ಪ್ರಕರಣ ಅಪರೂಪದ್ದೆಂದು ಬರೆಯುತ್ತಿಲ್ಲ. ಗುಗ್ಗೆ ಕಟ್ಟಿದ ಕಿವಿಯನ್ನು ನಾವು ದಿನಬೆಳಗಾದರೆ ನೋಡುತ್ತೇವೆ. ಮಕ್ಕಳಲ್ಲಿ ಹತ್ತರಲ್ಲೊಬ್ಬರಿಗೆ, ದೊಡ್ಡವರಲ್ಲಿ ಇಪ್ಪತ್ತರಲ್ಲೊಬ್ಬರಿಗೆ, ವಯಸ್ಸಾದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಇದು ತೊಂದರೆ ಕೊಡುತ್ತದೆ ಎಂಬ ಅಂದಾಜು ವೈದ್ಯರ ಮಾರ್ಗಸೂಚಿಗಳಲ್ಲಿದೆ. ಬರೆಯಲು ಕಾರಣ ನಾನು ಎಡವಿದ ಜಾಗ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಭೇಟಿ

ತೊಂದರೆ ಮೂರು ವಾರದ್ದು. ಮೊದಲು ಬಲಗಡೆಯ ಏಡ್ ಸಿಳ್ಳೆ ಹೊಡೆಯತೊಡಗಿತಂತೆ. ರಿಪೇರಿಗೆ ಕೊಟ್ಟರು, ತುದಿಯ ಪುಟ್ಟ ಜಾಲರಿ ಬದಲಿಸಿ ವಾಪಸ್ ಬಂತು. ನಾಲ್ಕು ದಿನಕ್ಕೆ ಮತ್ತೆ ಸಿಳ್ಳೆ, ಮತ್ತೆ ರಿಪೇರಿ. ಮೂರನೇ ವಾರ ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದವರಿಗೆ ಎಡಗಿವಿಯೂ ಮುಚ್ಚಿದಂತಾಯಿತು. ಆವತ್ತಿನಿಂದ ಮನೆಯವರು ಏನೇ ಹೇಳಿದರೂ ‘ಹೂಂ’ ಎಂದುಬಿಡುವುದು ಶುರುವಾಯಿತು. ಹೂಂ ಎಂದವರು ಮಾಡುತ್ತಿರಲಿಲ್ಲ, ಅದಕ್ಕೇ ಮರೆವಿನ ಗುಮಾನಿ.

ಸಿಳ್ಳೆಯ ಕಾರಣ ಸರಳ. ಏಡ್ ಹೊರಡಿಸಿದ ಸದ್ದು ಕಿವಿನಾಳದ ಕೊನೆಯಲ್ಲಿರುವ ತೆಳು ಪೊರೆಯತ್ತ, ಅಂದರೆ ತಮಟೆಯತ್ತ ಹೋಗಬೇಕು. ದಾರಿಯಲ್ಲಿ ಗುಗ್ಗೆಯ ಗೋಡೆ ಇದ್ದರೆ ಅದಕ್ಕೆ ಬಡಿದು ವಾಪಸ್ ಬರುತ್ತದೆ, ಹೊರಕ್ಕೆ ಸೋರುತ್ತದೆ, ಏಡಿನ ಮೈಕು ಅದನ್ನೇ ಮತ್ತೆ ಹಿಡಿದು ದೊಡ್ಡದು ಮಾಡುತ್ತದೆ. ಸಭೆಗಳಲ್ಲಿ ಸ್ಪೀಕರಿನ ಎದುರು ಮೈಕ್ ಹಿಡಿದಾಗ ಕೀರಲು ಸದ್ದು ಬರುತ್ತದಲ್ಲ, ಅದೇ. ಸಿಳ್ಳೆ ಹೊಡೆಯುವ ಏಡನ್ನು ರಿಪೇರಿಗೆ ಕೊಡುವ ಮೊದಲು ಕಿವಿಯೊಳಗೆ ಯಾರಾದರೂ ಒಮ್ಮೆ ಬೆಳಕು ಬಿಟ್ಟು ನೋಡಿದ್ದರೆ ಈ ಮನೆಯವರಿಗೆ ಎರಡು ಓಡಾಟ ಉಳಿಯುತ್ತಿತ್ತು.

ಸ್ನಾನದ ನಂತರ ದಿಢೀರನೆ ಮುಚ್ಚಿಕೊಳ್ಳುವುದೂ ಹಾಗೆಯೇ. ಕಿವಿನಾಳದ ಮುಕ್ಕಾಲು ಪಾಲು ಗುಗ್ಗೆ ತುಂಬಿದ್ದರೂ ಕೂದಲೆಳೆಯಷ್ಟು ಸಂದಿ ಉಳಿದಿದ್ದರೆ ಸಾಕು, ಹೆಚ್ಚುಕಡಿಮೆ ಸರಿಯಾಗಿಯೇ ಕೇಳಿಸುತ್ತದೆ. ನೀರು ಸೇರಿ ಗುಗ್ಗೆ ಉಬ್ಬಿ ಆ ಸಂದಿಯೂ ಮುಚ್ಚಿದಾಗ ಒಮ್ಮೆಲೇ ಬಾಗಿಲು ಹಾಕಿದಂತಾಗುತ್ತದೆ. ‘ನಿನ್ನೆವರೆಗೆ ಚೆನ್ನಾಗಿತ್ತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಓಟೋಸ್ಕೋಪ್ ಇಟ್ಟು ನೋಡಿದೆ. ಎಡಗಡೆ ಜೇನು ಬಣ್ಣದ ಮೆತ್ತನೆಯ ಗುಗ್ಗೆ. ಬಲಗಡೆ ಕಡುಕಪ್ಪು, ಒಣಗಿ ಗಟ್ಟಿಯಾಗಿ ನಾಳದ ಗೋಡೆಗೆ ಅಂಟಿತ್ತು. ತಮಟೆ ಎರಡರಲ್ಲೂ ಕಾಣಲಿಲ್ಲ. ಈ ಕೊನೆಯ ವಾಕ್ಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಗುಗ್ಗೆ ಕೊಳೆಯಲ್ಲ ಎಂದು ಮಗಳಿಗೆ ಹೇಳಬೇಕಾಯಿತು, ಏಕೆಂದರೆ ಅವರ ಮುಖದಲ್ಲಿ ಸಂಕೋಚವಿತ್ತು. ದೊಡ್ಡವರ ಕಿವಿನಾಳ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಒಸರುವ ಗ್ರಂಥಿಗಳಿವೆ. ಅವು ಒಸರುವ ಜಿಡ್ಡು, ಉದುರಿದ ಚರ್ಮದ ಪದರು, ಒಂದಿಷ್ಟು ಧೂಳು ಸೇರಿದ್ದೇ ಗುಗ್ಗೆ. ತುಸು ಹುಳಿ ಗುಣದ್ದು, ಹಾಗಾಗಿ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಸುಲಭವಾಗಿ ಬೆಳೆಯಲು ಬಿಡುವುದಿಲ್ಲ. ನಾಳದ ಚರ್ಮ ಮೈಮೇಲಿನ ಬೇರೆ ಚರ್ಮದಂತೆ ಇದ್ದಲ್ಲೇ ಉದುರುವುದಿಲ್ಲ. ತಮಟೆಯಿಂದ ಹೊರಬಾಗಿಲಿನ ಕಡೆಗೆ ನಿಧಾನವಾಗಿ ಸರಿಯುತ್ತಾ ಬರುತ್ತದೆ, ಜೊತೆಗೆ ಗುಗ್ಗೆಯನ್ನೂ ಎಳೆದು ತರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಅಲುಗುವುದೂ ಇದಕ್ಕೆ ಸಹಾಯ. ಅಂದರೆ ಕಿವಿ ತನ್ನ ಕಸವನ್ನು ತಾನೇ ಗುಡಿಸಿಕೊಳ್ಳುತ್ತದೆ, ನಾವು ಬಾಗಿಲಿಗೆ ಅಡ್ಡ ನಿಲ್ಲದಿದ್ದರೆ. ಹಿಯರಿಂಗ್ ಏಡು ದಿನವಿಡೀ ಅಡ್ಡ ನಿಲ್ಲುತ್ತದೆ. ವಯಸ್ಸಾದ ಮೇಲೆ ಗ್ರಂಥಿಗಳು ಬತ್ತಿ ಗುಗ್ಗೆ ಒಣಗುತ್ತದೆ, ಗಂಡಸರಲ್ಲಿ ಕಿವಿಯ ಕೂದಲು ಒರಟಾಗುತ್ತದೆ. ಮೇಷ್ಟ್ರಿಗೆ ಮೂರೂ ಕೂಡಿಬಂದಿತ್ತು. ಸಾಲದ್ದಕ್ಕೆ ಪೆನ್ನಿನ ಕ್ಯಾಪಿನ ಕಡ್ಡಿಯಿಂದ ಕಿವಿ ಕೆರೆಯುವ, ಪಾಠ ಮಾಡುತ್ತಿದ್ದ ಕಾಲದ ಅಭ್ಯಾಸ.

“ಬಡ್ಸ್ ಹಾಕ್ಲಿಲ್ವಾ?” ಎಂದೆ.

“ಅದನ್ನೂ ಹಾಕಿದ್ವಿ. ಹಳದಿ ಸ್ವಲ್ಪ ಅಂಟ್ಕೊಂಡ್ ಬಂತು, ಕ್ಲೀನ್ ಆಯ್ತು ಅಂದ್ಕೊಂಡ್ವಿ” ಎಂದರು ಮಗಳು.

ಬಡ್ಸಿನ ಮೋಸವೇ ಇದು. ಸ್ವಲ್ಪ ತರುತ್ತದೆ, ಉಳಿದದ್ದನ್ನು ಗ್ರಂಥಿಯೇ ಇಲ್ಲದ ಒಳಭಾಗಕ್ಕೆ ತಳ್ಳಿ ತುರುಕುತ್ತದೆ. ತಮಟೆಯ ಹತ್ತಿರ ಗುಗ್ಗೆ ಕಂಡರೆ ಅಲ್ಲಿಗೆ ಯಾರೋ ತಳ್ಳಿದ್ದಾರೆ ಎಂದೇ ನಾವು ಅನುಮಾನಿಸುವುದು. ಅಮೆರಿಕದಲ್ಲಿ 1990ರಿಂದ 2010ರವರೆಗಿನ ತುರ್ತು ಚಿಕಿತ್ಸಾ ದಾಖಲೆಗಳನ್ನು ಲೆಕ್ಕಹಾಕಿದಾಗ, ಕಿವಿಗೆ ಬಡ್ಸ್ ಹಾಕಿಕೊಂಡು ಗಾಯವಾದ ಮಕ್ಕಳೇ ಸುಮಾರು 2,63,000 ಎಂಬ ಅಂದಾಜು ಸಿಕ್ಕಿತು. ದಿನಕ್ಕೆ ಹೆಚ್ಚುಕಡಿಮೆ 34 ಮಕ್ಕಳು. ಮೊಮ್ಮಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದ. ತುದಿಯಲ್ಲಿ ಕ್ಯಾಮೆರಾ ಇರುವ ಸೌಟಿನಂಥ ಕಡ್ಡಿ ತರಿಸಿ ತಾತನ ಕಿವಿಯ ವಿಡಿಯೋ ತೆಗೆದಿದ್ದ. ವಿಡಿಯೋ ಚೆನ್ನಾಗಿತ್ತು, ನಿಜ ಹೇಳಬೇಕೆಂದರೆ ನನ್ನ ಹಳೆಯ ಓಟೋಸ್ಕೋಪಿಗಿಂತ ಸ್ಪಷ್ಟ. ಆದರೆ ಒಂಟಿ ಕ್ಯಾಮೆರಾದಲ್ಲಿ ಆಳ ತಿಳಿಯುವುದಿಲ್ಲ. ಕಡ್ಡಿಯ ತುದಿಗೂ ತಮಟೆಗೂ ಎಷ್ಟು ದೂರವೆಂದು ಫೋನಿನ ಪರದೆ ಹೇಳುವುದಿಲ್ಲ. ನೋಡಲು ಇಟ್ಟುಕೊಳ್ಳಲಿ, ಕೆರೆಯಲು ಬೇಡ ಎಂದೆ.

ಆಮೇಲೆ ನನ್ನ ಮಾಮೂಲಿ ಪ್ರಶ್ನೆಗಳು. ನೋವಿದೆಯಾ? ಇಲ್ಲ. ತಲೆಸುತ್ತು? ಇಲ್ಲ. ಕಿವಿ ಆಪರೇಷನ್ ಏನಾದ್ರೂ? ಇಲ್ಲ. ಮುಂಚೆ ಯಾವಾಗಾದ್ರೂ ಸೋರಿತ್ತಾ? ಇಲ್ಲ. ಶುಗರ್ ಇಲ್ಲ. ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುತ್ತಾರೆ, ಅದನ್ನು ಹೇಳಿದ್ದು ಮಗಳು. ಎಲ್ಲವನ್ನೂ ಬರೆದುಕೊಂಡೆ.

ಟ್ಯೂನಿಂಗ್ ಫೋರ್ಕ್, ಅಂದರೆ ತಟ್ಟಿದರೆ ಒಂದೇ ಸ್ವರದಲ್ಲಿ ಮಿಡಿಯುವ ಲೋಹದ ಕವೆ, ಅದನ್ನು ತಟ್ಟಿ ಹಣೆಯ ನಡುವೆ ಇಟ್ಟೆ. 512 ಹರ್ಟ್ಸ್‌ನದು. “ಯಾವ ಕಡೆ ಜೋರು?” ಎಂದು ಕೈಸನ್ನೆಯಲ್ಲಿ ಕೇಳಿದೆ. ಬಲಗಡೆ ತೋರಿಸಿದರು. ಸದ್ದಿನ ದಾರಿಗೆ ಅಡ್ಡಿಯಾಗಿದ್ದರೆ ಮೂಳೆಯ ಮೂಲಕ ಬಂದ ಸದ್ದು ಆ ಅಡ್ಡಿಯಿರುವ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ನರ ಕೆಟ್ಟಿದ್ದರೆ ಚೆನ್ನಾಗಿರುವ ಕಿವಿಯಲ್ಲಿ. ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗಿದರೂ ಈ ವ್ಯತ್ಯಾಸದ ಸುಳಿವು ಸಿಗುತ್ತದೆ. ಸುಳಿವಷ್ಟೇ, ರೋಗನಿರ್ಣಯವಲ್ಲ. ಗುಗ್ಗೆ ಎಂದುಕೊಂಡು ವಾರಗಟ್ಟಲೆ ಡ್ರಾಪ್ಸ್ ಹಾಕುತ್ತಾ ಕೂತವರಲ್ಲಿ ಕೆಲವರಿಗೆ ನಿಜವಾಗಿ ಆಗಿರುವುದು ನರದ ಹಠಾತ್ ಕಿವುಡು. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು, ಮೊದಲ ಎರಡು ವಾರ ದಾಟಿದರೆ ಅವಕಾಶ ಕಡಿಮೆಯಾಗುತ್ತಾ ಹೋಗುತ್ತದೆ. ನೋವಿಲ್ಲದೆ ಒಂದು ಕಿವಿ ದಿಢೀರನೆ ಹೋದರೆ, ಒಳಗೆ ಗುಗ್ಗೆ ಕಾಣದಿದ್ದರೆ, ಅದೇ ದಿನ ತೋರಿಸಬೇಕು.

ಇಲ್ಲಿ ಬಲಕ್ಕೆ ವಾಲಿದ್ದು ಕಂಡು ಸಮಾಧಾನಪಟ್ಟೆ. ಬಲಗಡೆ ಗುಗ್ಗೆ ಹೆಚ್ಚು ಗಟ್ಟಿ, ಆದ್ದರಿಂದ ಅಡ್ಡಿ ಹೆಚ್ಚು, ಲೆಕ್ಕ ಸರಿಹೋಯಿತು. ಲೆಕ್ಕ ಅಷ್ಟು ಸುಲಭವಾಗಿ ಸರಿಹೋದಾಗ ಇನ್ನೊಮ್ಮೆ ನೋಡಬೇಕು ಎಂಬುದನ್ನು ಮೇಷ್ಟ್ರಾಗಿದ್ದವರು ನನಗಿಂತ ಚೆನ್ನಾಗಿ ಬಲ್ಲರು.

ಬಲಗಿವಿಯ ಗುಗ್ಗೆಯ ಅಂಚಿಗೆ ಸಣ್ಣ ಕೊಕ್ಕೆ ತಾಗಿಸಿದೆ. ಅವರು ಕೆಮ್ಮಿದರು. ಕಿವಿ ಮುಟ್ಟಿದರೆ ಕೆಮ್ಮು ಬರುವುದು ಕೆಲವರಲ್ಲಿ ಸಹಜ, ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿನಾಳಕ್ಕೂ ಬರುತ್ತದೆ. ಇನ್ನೊಮ್ಮೆ ತಾಗಿಸಿದಾಗ ಭುಜ ಕುಗ್ಗಿತು. ನಾಳದ ಒಳಗಿನ ಮೂರನೇ ಎರಡು ಭಾಗ ಮೂಳೆಯ ಕೊಳವೆ, ಮೇಲೆ ಕಾಗದದಷ್ಟು ತೆಳು ಚರ್ಮ. ಮುಟ್ಟಿದರೆ ಜೀವ ಹೋಗುತ್ತದೆ, ಗೀರಿದರೆ ರಕ್ತ. ರಕ್ತ ಹೆಪ್ಪುಗಟ್ಟದ ಮಾತ್ರೆಯವರಲ್ಲಿ ಅದು ಬೇಗ ನಿಲ್ಲುವುದೂ ಇಲ್ಲ. ಕೊಕ್ಕೆ ಕೆಳಗಿಟ್ಟೆ. ಐದು ದಿನ ಎರಡೂ ಕಿವಿಗೆ ಸೋಡಿಯಂ ಬೈಕಾರ್ಬನೇಟ್ ಡ್ರಾಪ್ಸ್ ಹಾಕಿ, ಮೆತ್ತಗಾದ ಮೇಲೆ ಬನ್ನಿ, ಬೆಚ್ಚಗಿನ ನೀರಿನಲ್ಲಿ ತೊಳೆಯೋಣ ಎಂದು ಬರೆದುಕೊಟ್ಟೆ.

ಡ್ರಾಪ್ಸ್ ವಿಚಾರದಲ್ಲಿ ನನಗೆ ಬ್ರಾಂಡಿನ ಮೋಹವಿಲ್ಲ. ಸೋಡ, ಪೆರಾಕ್ಸೈಡ್, ಆಲಿವ್ ಎಣ್ಣೆ, ಬಾದಾಮಿ ಎಣ್ಣೆ, ಬರೀ ಉಪ್ಪುನೀರು ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಎಂದು ತೋರಿಸುವ ಗಟ್ಟಿ ಆಧಾರವಿಲ್ಲ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2018ರ ಕಾಕ್ರೇನ್ ಸಮೀಕ್ಷೆ ಹೇಳುತ್ತದೆ. ಏನೂ ಹಾಕದಿರುವುದಕ್ಕಿಂತ ಏನಾದರೂ ಹಾಕುವುದು ಮೇಲು, ಅಷ್ಟು ಮಾತ್ರ. ದುಬಾರಿ ಸೀಸೆ ಕೊಂಡವರಿಗೆ ಈ ಮಾತು ಹಿಡಿಸುವುದಿಲ್ಲ.

ಎರಡು ಫೋನು

ಎರಡನೇ ದಿನ ರಾತ್ರಿ ಮಗಳ ಫೋನ್. “ಡಾಕ್ಟ್ರೇ, ಡ್ರಾಪ್ಸ್ ಹಾಕಿದ್ಮೇಲೆ ಇನ್ನೂ ಜಾಸ್ತಿ ಆಗಿದೆ. ಈಗ ಕೂಗಿದ್ರೂ ಕೇಳಿಸ್ತಿಲ್ಲ.”

ಇದು ನಿರೀಕ್ಷಿತವೇ. ಒಣಗಿದ ಗುಗ್ಗೆ ನೆನೆದಾಗ ಉಬ್ಬುತ್ತದೆ, ಇದ್ದಬದ್ದ ಸಂದಿಯೂ ಮುಚ್ಚುತ್ತದೆ, ಒಂದೆರಡು ದಿನ ಇನ್ನಷ್ಟು ಮಂದವಾಗುತ್ತದೆ. ಮುಂಚೆಯೇ ಹೇಳಿದ್ದರೆ ಅವರು ಆ ರಾತ್ರಿ ನಿದ್ದೆ ಕೆಡುತ್ತಿರಲಿಲ್ಲ. ಹೇಳಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮತ್ತೆ ಫೋನ್. ಈ ಸಲ ಗಾಬರಿಯಿಲ್ಲ, ಕುತೂಹಲ. “ಬಲಗಡೆ ಹಾಕಿದಾಗ ಗಂಟಲಲ್ಲಿ ಉಪ್ಪುಪ್ಪು ರುಚಿ ಬರುತ್ತೆ ಅಂತಾರೆ ಅಪ್ಪ. ಸ್ವಲ್ಪ ಉರಿನೂ ಇದೆಯಂತೆ. ಎಡಗಡೆ ಏನೂ ಇಲ್ಲ. ವಯಸ್ಸಾಯ್ತಲ್ಲ, ಹಾಗನ್ಸುತ್ತೇನೋ ಅಂತ ಎರಡು ದಿನ ಸುಮ್ನಿದ್ದೆ.”

ಕೂತಿದ್ದವನು ಎದ್ದು ನಿಂತೆ. ಕಿವಿಗೆ ಹಾಕಿದ್ದು ಗಂಟಲಿಗೆ ಇಳಿಯಲು ಒಂದೇ ದಾರಿ. ತಮಟೆಯಲ್ಲಿ ತೂತಿರಬೇಕು, ಅದರ ಮೂಲಕ ನಡುಗಿವಿಗೆ ಇಳಿದು, ಅಲ್ಲಿಂದ ಯುಸ್ಟೇಷಿಯನ್ ನಾಳದಲ್ಲಿ ಮೂಗಿನ ಹಿಂಬದಿಗೆ, ಗಂಟಲಿಗೆ. ತಮಟೆ ಅಖಂಡವಾಗಿದ್ದರೆ ಲೀಟರ್ ಸುರಿದರೂ ರುಚಿ ಬರುವುದಿಲ್ಲ.

ಬಲಕ್ಕೆ ಡ್ರಾಪ್ಸ್ ತಕ್ಷಣ ನಿಲ್ಲಿಸಿ, ಎಡಕ್ಕೆ ಮುಂದುವರಿಸಿ ಎಂದೆ. ಹೇಳುತ್ತಿದ್ದಂತೆ ಇನ್ನೊಂದು ಹೊಳೆಯಿತು. ಎದುರು ಕೂತು ಹಾಕುವವರಿಗೆ ಎಡ-ಬಲ ಅದಲುಬದಲಾಗುತ್ತದೆ. “ಅಪ್ಪ ಬರೆಯೋ ಕೈ ಯಾವುದು?” ಎಂದೆ. ಬಲ ಎಂದರು. “ಆ ಕೈ ಇರೋ ಕಡೆ ಕಿವಿಗೆ ಏನೂ ಹಾಕ್ಬೇಡಿ.” ಈಗ ಇದನ್ನು ಎಲ್ಲರಿಗೂ ಹೀಗೇ ಹೇಳುತ್ತೇನೆ.

ತೂತಿರುವ ಕಿವಿಗೆ ನಾನು ಬರೆದುಕೊಟ್ಟಿದ್ದು ಡ್ರಾಪ್ಸ್. ಮುಂದಿನ ವಾರ ಅದೇ ಕಿವಿಗೆ ಒತ್ತಡದಲ್ಲಿ ನೀರು ಬಿಡುವವನಿದ್ದೆ. ನಡುಗಿವಿಗೆ ನೀರು ನುಗ್ಗಿದ್ದರೆ ಸೋಂಕು, ತಲೆಸುತ್ತು, ಕೆಟ್ಟ ಗ್ರಹಚಾರವಿದ್ದರೆ ಇನ್ನೂ ಹೆಚ್ಚಿನ ಹಾನಿ. ತಮಟೆ ಕಾಣದ ಕಿವಿಯಲ್ಲಿ ತಮಟೆ ಹೇಗಿದೆ ಎಂದು ತಿಳಿಯಲು ಇರುವುದು ರೋಗಿಯ ಮಾತೊಂದೇ. ಆ ಮಾತನ್ನು ಕೇಳಿದ್ದೆನಲ್ಲ? ‘ಸೋರಿತ್ತಾ’ ಎಂದಿದ್ದೆ. ‘ಇಲ್ಲ’ ಎಂದಿದ್ದರು. ಕಾಗದದ ಮೇಲಿದೆ.

ದೀರ್ಘ

ಎರಡನೇ ಭೇಟಿಯಲ್ಲಿ ಬಿಳಿ ಹಾಳೆ ಎಳೆದುಕೊಂಡು ದೊಡ್ಡಕ್ಷರದಲ್ಲಿ ಬರೆದೆ: ‘ಚಿಕ್ಕಂದಿನಲ್ಲಿ ಕಿವಿ ಸೊರುತ್ತಿತ್ತೇ?’

ಮೇಷ್ಟ್ರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಜೇಬಿನಿಂದ ಪೆನ್ನು ತೆಗೆದು ಮೊದಲು ‘ಸೊ’ಗೆ ದೀರ್ಘ ಹಾಕಿದರು. ಆಮೇಲೆ ಕೆಳಗೆ ಮುದ್ದಾದ ಅಕ್ಷರದಲ್ಲಿ ಉತ್ತರ ಬರೆದರು: ‘ಹೌದು. ಬಲಗಿವಿ. ಆರನೇ ತರಗತಿಯವರೆಗೆ. ವಾಸನೆ ಬರುತ್ತದೆಂದು ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ನಂತರ ತಾನಾಗಿ ನಿಂತಿತು.’

ಮಗಳು ಹಾಳೆಯನ್ನು ಓದಿ ಅಪ್ಪನನ್ನೇ ನೋಡಿದರು. “ನನಗೆ ಗೊತ್ತೇ ಇರ್ಲಿಲ್ಲ” ಎಂದರು, ನನಗಲ್ಲ.

ನಾನು ಮುಂದಿನ ಸಾಲಿಗೆ ಬರೆದೆ, ಹೋದ ವಾರ ಇದನ್ನೇ ಕೇಳಿದೆನಲ್ಲ ಎಂದು. ಅವರು ಜೋರಾಗಿಯೇ ಹೇಳಿದರು: “ನೀವು ‘ಜೋರಿತ್ತಾ’ ಅಂದ್ರಿ. ಅದಕ್ಕೆ ಮುಂಚೆ ನೋವಿನ ವಿಷಯ ಕೇಳಿದ್ರಲ್ಲ. ನೋವು ಜೋರಿತ್ತಾ ಅಂತ ತಿಳ್ಕೊಂಡು ಇಲ್ಲ ಅಂದೆ.”

ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು. ‘ಸ’, ‘ಶ’ದಂಥ ಸದ್ದುಗಳು ಇರುವುದು ಅಲ್ಲಿಯೇ. ಅಂಥವರ ಕಿವಿಗೆ ಮಾತು ಬೀಳುತ್ತದೆ, ಅಕ್ಷರ ಬೀಳುವುದಿಲ್ಲ. ಬಿಟ್ಟ ಸ್ಥಳವನ್ನು ಅವರು ಸಂದರ್ಭ ನೋಡಿ ತುಂಬಿಕೊಳ್ಳುತ್ತಾರೆ, ಬಹಳ ಸಲ ಸರಿಯಾಗಿಯೇ. ಅದರ ಮೇಲೆ ಗುಗ್ಗೆಯ ಬಿರಡೆ ಬೇರೆ, ಏಡುಗಳನ್ನು ನಾನೇ ಬಿಚ್ಚಿಸಿ ಮೇಜಿನ ಮೇಲಿಟ್ಟಿದ್ದೆ. ಪರೀಕ್ಷೆಗೆಂದು ಏಡು ತೆಗೆಸಿ, ತೆಗೆಸಿದ ಮೇಲೆ ಪ್ರಶ್ನೆ ಕೇಳುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆ ಎಂದರೆ ಅದು ತಪ್ಪೆಂದು ಅಲ್ಲಿಯವರೆಗೆ ನನಗೆ ಅನ್ನಿಸಿರಲಿಲ್ಲ. ಕನ್ನಡದಲ್ಲಿ ವಿಚಾರಿಸುವುದಕ್ಕೂ ಕೇಳು ಎನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳು ಎನ್ನುತ್ತೇವೆ. ನಾನು ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತೆಂದು ಟಿಕ್ ಹಾಕಿದ್ದೆ.

ಫೋರ್ಕಿನ ಪರೀಕ್ಷೆ ಬಲಕ್ಕೆ ಅಷ್ಟು ಸ್ಪಷ್ಟವಾಗಿ ವಾಲಿದ್ದೂ ಈಗ ಬೇರೆ ಅರ್ಥ ಕೊಟ್ಟಿತು. ಗುಗ್ಗೆಯ ಅಡ್ಡಿಯ ಹಿಂದೆ ತೂತಿನ ಅಡ್ಡಿ. ಮಕ್ಕಳಲ್ಲಿ ಬಹಳ ಕಾಲ ಸೋರಿದ ಕಿವಿ ತಾನಾಗಿ ಒಣಗಬಹುದು, ತೂತು ಮಾತ್ರ ಹಾಗೇ ಉಳಿಯಬಹುದು. ನೋವಿಲ್ಲ, ಕೀವಿಲ್ಲ. ಅರವತ್ತು ವರ್ಷ ಯಾರ ಗಮನಕ್ಕೂ ಬಾರದೆ ಅಲ್ಲಿರಬಹುದು.

ಎರಡು ಕಿವಿ, ಎರಡು ದಾರಿ

ಎಡಗಿವಿಯಲ್ಲಿ ಡ್ರಾಪ್ಸ್ ಕೆಲಸ ಮಾಡಿತ್ತು. ಗುಗ್ಗೆ ಕರಗಿ ಕೆಳಗಿಳಿದು, ಮೇಲ್ಭಾಗದಲ್ಲಿ ತಮಟೆಯ ಒಂದು ಹೊಳೆಯುವ ಚೂರು ಕಂಡಿತು. ಈ ಕಿವಿ ಎಂದೂ ಸೋರಿಲ್ಲ, ಆಪರೇಷನ್ ಆಗಿಲ್ಲ, ಇತ್ತೀಚೆಗೆ ಸೋಂಕಿಲ್ಲ. ಇವನ್ನೆಲ್ಲ ಬರೆದೇ ಕೇಳಿದೆ. ಹೆಪ್ಪುಗಟ್ಟದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೊಕ್ಕೆಗಿಂತ ನೀರು ಮೃದು. ಹಾಗಾಗಿ ಎಡಕ್ಕೆ ನೀರು.

ನೀರು ಮೈಬಿಸಿಯಷ್ಟೇ ಇರಬೇಕು, 37 ಡಿಗ್ರಿ. ಇದರ ಹಿಂದೊಂದು ಕಥೆಯಿದೆ, ನನಗೆ ಇಷ್ಟವಾದದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ವೈದ್ಯರು ಕಿವಿ ತೊಳೆಯುವಾಗ ರೋಗಿಗಳಿಗೆ ತಲೆಸುತ್ತುತ್ತಿತ್ತು, ಕಣ್ಣುಗುಡ್ಡೆ ಕುಣಿಯುತ್ತಿತ್ತು. ನೀರು ತಣ್ಣಗಿದೆ ಎಂದು ಒಬ್ಬರು ದೂರಿದರು. ಬಿಸಿ ಮಾಡಿಸಿದರೆ ಅತಿಯಾಯಿತು, ಆಗಲೂ ಕಣ್ಣು ಕುಣಿಯಿತು, ಆದರೆ ವಿರುದ್ಧ ದಿಕ್ಕಿಗೆ. ಒಳಗಿವಿಯ ಸಮತೋಲನದ ಅಂಗ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುವ ವಿಧಾನ ಅಲ್ಲಿಂದ ಹುಟ್ಟಿತು, ಬಾರಾನಿಗೆ 1914ರ ನೊಬೆಲ್ ಬಂತು. ನಮಗೆ ನೊಬೆಲ್ ಬೇಡ, ರೋಗಿಗೆ ವಾಂತಿ ಬಾರದಿದ್ದರೆ ಸಾಕು. ಆದ್ದರಿಂದ ಥರ್ಮಾಮೀಟರ್ ಇಟ್ಟು ನೋಡುತ್ತೇವೆ.

ಹಳೆಯ ಕಾಲದ ದೊಡ್ಡ ಲೋಹದ ಪಿಚಕಾರಿಯನ್ನು ನಾನು ಬಳಸುವುದಿಲ್ಲ. ಹೆಬ್ಬೆರಳು ಎಷ್ಟು ಒತ್ತುತ್ತದೆ ಎಂಬ ಅಳತೆ ಅದರಲ್ಲಿಲ್ಲ. ಚಿಕಿತ್ಸೆಯ ಬಗ್ಗೆ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ದೊಡ್ಡವರಿಗೆ ಕೈ ಪಿಚಕಾರಿ ಬೇಡ, ಒತ್ತಡ ಹೊಂದಿಸಬಲ್ಲ ಯಂತ್ರ ಅಥವಾ ಹೀರಿ ತೆಗೆಯುವ ಸಕ್ಷನ್ ಬಳಸಿ ಎನ್ನುತ್ತದೆ. ಕಡಿಮೆ ಒತ್ತಡಕ್ಕಿಟ್ಟು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ನಾಳವನ್ನು ನೇರ ಮಾಡಿ, ಧಾರೆಯನ್ನು ತಮಟೆಗೆ ನೇರ ಬಿಡದೆ ನಾಳದ ಮೇಲಿನ ಗೋಡೆಗೆ ಬಿಟ್ಟೆ. ನೀರು ಗುಗ್ಗೆಯ ಹಿಂದೆ ಹೋಗಿ ಅದನ್ನು ಮುಂದಕ್ಕೆ ದೂಡಬೇಕು. ಮೂರನೇ ಸಲಕ್ಕೆ ಟ್ರೇಗೆ ಬಿದ್ದದ್ದು ನೆಲಗಡಲೆ ಬೀಜದಷ್ಟಿತ್ತು. ಮೇಷ್ಟ್ರು ಬೆಚ್ಚಿ ಫ್ಯಾನಿನ ಕಡೆ ನೋಡಿದರು. ಅದು ಆವತ್ತಿಡೀ ತಿರುಗುತ್ತಲೇ ಇತ್ತು.

ಬಲಕ್ಕೆ ಒಂದು ಹನಿ ನೀರೂ ಇಲ್ಲ. ಮೈಕ್ರೋಸ್ಕೋಪಿನ ಕೆಳಗೆ ಮಲಗಿಸಿ ಸಣ್ಣ ಸಕ್ಷನ್ ನಳಿಗೆಯಿಂದ ಚೂರುಚೂರೇ ಹೀರಿ ತೆಗೆಯುವುದು. ಇದರಲ್ಲಿ ಎರಡು ಕಣ್ಣಿಗೂ ಕಾಣುತ್ತದೆ, ಆಳ ತಿಳಿಯುತ್ತದೆ, ಕಿವಿ ಒಣಗಿಯೇ ಇರುತ್ತದೆ. ತೂತಿದ್ದವರಿಗೆ, ಹಿಂದೆ ಕಿವಿಯ ಆಪರೇಷನ್ ಆದವರಿಗೆ, ಒಂದೇ ಕಿವಿ ಕೇಳಿಸುವವರಿಗೆ ನಾನು ಇದನ್ನೇ ಆರಿಸುತ್ತೇನೆ. ಶುಗರ್ ಇರುವವರಿಗೂ ಹೆಚ್ಚಾಗಿ ಇದೇ. ಅವರ ನಾಳದಲ್ಲಿ ತೇವ ಉಳಿದು ಸೋಂಕಾದರೆ ಅದು ಮೂಳೆಗೂ ಇಳಿಯುವ ಅಪಾಯವಿದೆ. ಸಕ್ಷನ್ನಿಗೂ ತನ್ನದೇ ಕಾಟವಿದೆ. ಕಿವಿಯೊಳಗೆ ಬಿರುಗಾಳಿ ನುಗ್ಗಿದಂಥ ಸದ್ದು, ಒಮ್ಮೊಮ್ಮೆ ತಂಪು ಗಾಳಿಗೆ ತಲೆಸುತ್ತು. ಅದನ್ನೂ ಮುಂಚೆಯೇ ಹಾಳೆಯ ಮೇಲೆ ಬರೆದು ತೋರಿಸಿದೆ, ‘ಸಾಕು ಅನ್ನಿಸಿದರೆ ಎಡಗೈ ಎತ್ತಿ’ ಎಂದೂ. ನಾಲ್ಕು ಸಲ ಎತ್ತಿದರು, ನಾಲ್ಕು ಸಲವೂ ನಿಲ್ಲಿಸಿದೆ. ಅರ್ಧದಷ್ಟು ಬಂತು. ಉಳಿದದ್ದು ಗೋಡೆಗೆ ಕಚ್ಚಿತ್ತು. ಎಳೆದರೆ ಚರ್ಮ ಬರುತ್ತಿತ್ತು. ಇನ್ನೊಂದು ದಿನಕ್ಕೆ ಬಿಟ್ಟೆ. ಒಂದೇ ಸಲಕ್ಕೆ ಮುಗಿಸಬೇಕೆಂಬ ಹಟದಲ್ಲಿಯೇ ಹೆಚ್ಚಿನ ಗಾಯಗಳಾಗುವುದು, ಮನೆಯಲ್ಲೂ ಇಲ್ಲೂ.

ಈ ನಡುವೆ ಮೊಮ್ಮಗ ಇನ್ನೊಂದು ಉಪಾಯ ಹುಡುಕಿದ್ದ, ಕಿವಿಗಿಟ್ಟು ಹೊತ್ತಿಸುವ ಟೊಳ್ಳು ಮೇಣದಬತ್ತಿ. ಉರಿದ ಮೇಲೆ ಬುಡದಲ್ಲಿ ಕಂದು ಪುಡಿ ಸಿಗುತ್ತದೆ, ಗುಗ್ಗೆ ಹೀರಿತು ಎಂದು ನಂಬಿಸುತ್ತಾರೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಳೆದು ನೋಡಿದರು. ಹೀರುವ ಒತ್ತಡವೇ ಹುಟ್ಟುವುದಿಲ್ಲ, ಗುಗ್ಗೆ ಬರುವುದಿಲ್ಲ, ಕೆಲವು ಕಿವಿಗಳಲ್ಲಿ ಬತ್ತಿಯ ಮೇಣವೇ ಒಳಗೆ ಬಿದ್ದಿತ್ತು. ಬುಡದ ಪುಡಿ ಬತ್ತಿಯದ್ದೇ. ಕಿವಿ ಇಲ್ಲದೆ ಬರೀ ಗಾಳಿಯಲ್ಲಿ ಹೊತ್ತಿಸಿದರೂ ಸಿಗುತ್ತದೆ. ಹುಡುಗನಿಗೆ ಅದನ್ನೇ ಮಾಡಿ ನೋಡು ಎಂದೆ. ಮಾಡಿ ನೋಡಿ ಫೋಟೋ ಕಳಿಸಿದ. ತೂತಿರುವ ತಮಟೆಯ ಮೇಲೆ ಬಿಸಿ ಮೇಣ ಬಿದ್ದಿದ್ದರೆ ಏನಾಗುತ್ತಿತ್ತೆಂದು ಹೇಳಿ ಅವನನ್ನು ಹೆದರಿಸಲಿಲ್ಲ, ನಾನು ಅದೇ ಕಿವಿಗೆ ಬರೆದ ಚೀಟಿ ಅವರ ಮನೆಯಲ್ಲೇ ಇತ್ತು.

ಆಮೇಲೆ

ಎಂಟು ದಿನ ಬಿಟ್ಟು ಬಲಗಿವಿ ಪೂರ್ತಿ ಸ್ವಚ್ಛವಾಯಿತು. ತಮಟೆಯ ಕೆಳಭಾಗದಲ್ಲಿ ಅಂಚು ಮಾಗಿದ, ಒಣಗಿದ ದುಂಡು ತೂತು. ಡ್ರಾಪ್ಸಿನಿಂದ ನಡುಗಿವಿಯ ಪೊರೆ ತುಸು ಕೆಂಪಾಗಿತ್ತು, ಸೋಂಕಾಗಿರಲಿಲ್ಲ. ಇದು ನನ್ನ ಜಾಣ್ಮೆಯಲ್ಲ, ಅವರ ಅದೃಷ್ಟ.

ಶ್ರವಣ ಪರೀಕ್ಷೆ ಮಾಡಿಸಿದ್ದು ಆಮೇಲೆಯೇ. ಗುಗ್ಗೆ ಇದ್ದಾಗ ಮಾಡಿದ ಪರೀಕ್ಷೆ ಗುಗ್ಗೆಯನ್ನೂ ಸೇರಿಸಿ ಅಳೆಯುತ್ತದೆ. ಎಡಗಿವಿಯಲ್ಲಿ ಉಳಿದದ್ದು ವಯಸ್ಸಿನ ಕಿವುಡು ಮಾತ್ರ. ಬಲಗಡೆ ಅದರ ಜೊತೆಗೆ ತೂತಿನ ಪಾಲು. ತೂತನ್ನು ಆಪರೇಷನ್ ಮಾಡಿ ಮುಚ್ಚಬಹುದು, ವಯಸ್ಸು, ಹೃದಯ, ಮಾತ್ರೆ ಎಲ್ಲವನ್ನೂ ತೂಗಿ ನೋಡಬೇಕು ಎಂದು ಬರೆದು ತೋರಿಸಿದೆ. ಈಗ ಬರೆಯುವ ಅಗತ್ಯವಿರಲಿಲ್ಲ, ನನಗೆ ಅಭ್ಯಾಸವಾಗಿಬಿಟ್ಟಿತ್ತು. “ಅರವತ್ತು ವರ್ಷ ಜೊತೆಗಿದೆ, ಇರ್ಲಿ ಬಿಡಿ” ಎಂದರು. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯುಂಡೆಯಿಂದ ಬಲಗಿವಿ ಮುಚ್ಚುವುದು, ಎಂದೂ ಅದಕ್ಕೆ ಡ್ರಾಪ್ಸ್ ಹಾಕದಿರುವುದು, ಸೋರಿದರೆ ತಕ್ಷಣ ಬರುವುದು, ಇಷ್ಟಕ್ಕೆ ಒಪ್ಪಂದವಾಯಿತು. ಎಡಗಿವಿಗೆ ವಾರಕ್ಕೊಮ್ಮೆ ಎರಡು ಹನಿ ಆಲಿವ್ ಎಣ್ಣೆ, ಅದೂ ರಾತ್ರಿ ಏಡು ತೆಗೆದ ಮೇಲೆ. ಏಡಿನ ಜಾಲರಿಯನ್ನು ಒಣ ಬ್ರಷ್ಷಿನಿಂದ ದಿನಾ ಉಜ್ಜುವುದನ್ನು ಮೊಮ್ಮಗನಿಗೆ ವಹಿಸಿದರು. ಸೆಟ್ಟಿಂಗುಗಳನ್ನೂ ಹೊಸ ಪರೀಕ್ಷೆಗೆ ತಕ್ಕಂತೆ ಬದಲಿಸಿದರು, ಹಳೆಯವು ಗುಗ್ಗೆಯ ಜೊತೆ ಜಗಳವಾಡಲು ಏರಿಸಿಟ್ಟವು.

ಮರೆವಿನ ವಿಷಯ. ಬೇರೆ ಡಾಕ್ಟರ ಬಳಿ ಹೋಗಬೇಡಿ ಎಂದು ನಾನು ಹೇಳಲಿಲ್ಲ. ಕೇಳಿಸತೊಡಗಿದ ಮೇಲೆ ಹೋಗಿ ಎಂದೆ. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಂಡು ಆಮೇಲೆ ಹೇಳಿ ಎನ್ನುವ ಪರೀಕ್ಷೆಯಲ್ಲಿ ಆ ಮೂರು ಪದ ಕಿವಿಗೇ ಬೀಳದಿದ್ದರೆ ಯಾರಾದರೂ ಏನು ಹೇಳಿಯಾರು? ತಿಂಗಳ ನಂತರ ಹೋಗಿ ಬಂದರು. ಸದ್ಯಕ್ಕೆ ಚಿಂತೆಯಿಲ್ಲ, ವರ್ಷ ಬಿಟ್ಟು ಮತ್ತೆ ನೋಡೋಣ ಎಂದು ಆ ವೈದ್ಯರು ಬರೆದಿದ್ದರು.

ನನ್ನ ಕೋಣೆಯಲ್ಲಿ ಈಗ ಪ್ರಶ್ನೆಗಳ ಒಂದು ಹಾಳೆ ಇದೆ, ದಪ್ಪಕ್ಷರದಲ್ಲಿ, ರಟ್ಟಿಗೆ ಅಂಟಿಸಿದ್ದು. ಎಂದಾದರೂ ಕಿವಿ ಸೋರಿತ್ತೇ, ತಮಟೆಗೆ ಪೆಟ್ಟು ಅಥವಾ ಆಪರೇಷನ್, ಹಿಂದೆ ಕಿವಿ ತೊಳೆಸಿದಾಗ ತೊಂದರೆ, ಶುಗರ್, ರಕ್ತದ ಮಾತ್ರೆ, ಇನ್ನೊಂದು ಕಿವಿ ಕೇಳಿಸುತ್ತದೆಯೇ. ಏಡು ತೆಗೆಸುವ ಮೊದಲೇ ಅದನ್ನು ಕೈಗೆ ಕೊಡುತ್ತೇವೆ. ಓದಲು ಬಾರದವರಿಗೆ ಮನೆಯವರು ಕಿವಿಯ ಹತ್ತಿರ ಹೇಳುತ್ತಾರೆ, ಉತ್ತರವನ್ನು ಅವರೇ ತಿರುಗಿ ಹೇಳಿಸಿಕೊಳ್ಳುತ್ತಾರೆ. ‘ಸೋ’ಗೆ ದೀರ್ಘವಿದೆ, ಎರಡು ಸಲ ನೋಡಿದ್ದೇನೆ.

ಮೂರು ತಿಂಗಳಿಗೆ ಮೇಷ್ಟ್ರು ಒಬ್ಬರೇ ಬಂದರು. ಬಲಗಿವಿ ಒಣಗಿದೆ, ಶುಭ್ರ. ಎಡಗಿವಿಯ ಬಾಯಲ್ಲಿ ತೆಳುವಾಗಿ ಒಂದಿಷ್ಟು ಗುಗ್ಗೆ, ಅದರಾಚೆ ತಮಟೆ ಪೂರ್ತಿ ಕಾಣುತ್ತಿತ್ತು.

“ಸ್ವಲ್ಪ ಇದೆ, ಇರೋದೇ ಒಳ್ಳೇದು” ಎಂದೆ.

“ಬಂದಿದ್ದೀನಲ್ಲ, ತೆಗೆದುಬಿಡಿ.”

“ತೆಗೆಯೋಕೆ ಕಾರಣ ಇಲ್ಲ, ಮೇಷ್ಟ್ರೇ. ಕೇಳಿಸ್ತಿದೆ, ನೋವಿಲ್ಲ, ತಮಟೆ ಕಾಣ್ತಿದೆ.”

ಅಷ್ಟು ದೂರದಿಂದ ಬರೀ ನೋಡಿಸಿಕೊಂಡು ಹೋಗಲು ಬಂದೆನೇ ಎಂದು ಗೊಣಗುತ್ತಾ ಏಡು ಹಾಕಿಕೊಂಡರು. ಗೊಣಗಿದ್ದು ನನಗೆ ಕೇಳಿಸಿತು. ‘ಮುಂದಿನ ಸಲ ನಾಲ್ಕು ತಿಂಗಳು ಬಿಟ್ಟು ಬಂದರೂ ಸಾಕು’ ಎಂದು ನಾನು ಬೆನ್ನ ಹಿಂದಿನಿಂದ, ದನಿ ಏರಿಸದೆ ಹೇಳಿದ್ದು ಅವರಿಗೂ ಕೇಳಿಸಿತು. ಬಾಗಿಲ ಬಳಿಯೇ ಕೈ ಎತ್ತಿ ನಾಲ್ಕು ಬೆರಳು ತೋರಿಸಿ ಹೋದರು.